ದೋಣಿಯ ಚಿಂತೆ ಬಿಡು, ಅಪ್ಪಯ್ಯನ ಕಾಲು ನೋಡು

ಸಲೆರ್ನೊ,
ಇಟಲಿ
ಸೋಮವಾರ ರಾತ್ರಿ

ಅಮ್ಮನಿಗೆ ನಮಸ್ಕಾರಗಳು.

ನಾನು ಆರಾಮ. ಅಣ್ಣ ಭಾನುವಾರ ಊರಿಗೆ ಬಂದವನು ನಿನ್ನ ಪತ್ರದ ಫೋಟೋ ತೆಗೆದು ಕಳಿಸಿದ. ಮೂರು ಹಾಳೆ ಪೂರ್ತಿ ನನ್ನ ದೋಣಿ ಪ್ರಯಾಣದ್ದೇ ಬೈಗುಳ. ಗೌರಿ ಕರು ಹಾಕಿದ್ದು, ಕೆಳಮನೆ ದೊಡ್ಡಪ್ಪನವರ ಶ್ರಾದ್ಧ, ಎಲ್ಲ ಆದಮೇಲೆ ಅಂಚಿನಲ್ಲಿ ಒಂದು ಸಾಲು: ಅಪ್ಪಯ್ಯನ ಕಾಲ್ಬೆರಳಲ್ಲಿ ಹುಣ್ಣಾಗಿದೆ, ತಿಂಗಳಾಯಿತು, ನೋವಿಲ್ಲ ಅಂತಾರೆ, ನೀನು ತಲೆ ಕೆಡಿಸಿಕೊಳ್ಳಬೇಡ. ಅಮ್ಮಾ, ಅದನ್ನಲ್ಲವಾ ಮೊದಲು ಬರೆಯಬೇಕಾದ್ದು? ಆಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ. ಮಳೆಗೆ ಟವರ್ ಹೋಗಿದೆಯಂತೆ. ಅದಕ್ಕೇ ಇದನ್ನು ಬರೆದು ಅಣ್ಣನಿಗೆ ಕಳಿಸುತ್ತಿದ್ದೇನೆ. ಅವನು ಪ್ರಿಂಟ್ ತೆಗೆಸಿಕೊಂಡು ನಾಳೆಯೇ ರಜೆ ಹಾಕಿ ಬರುತ್ತಾನೆ. ಅವನು ಬಂದಾಗ ಅಪ್ಪಯ್ಯ ತೋಟಕ್ಕೆ ಹೋಗಿಬಿಡದ ಹಾಗೆ ನೋಡಿಕೋ.

ದೋಣಿ ವಿಷಯ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನು ಮುಂದಿನ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಜೂನ್‌ನಲ್ಲಿ ಯಾರಾದರೂ ಸಮುದ್ರಕ್ಕೆ ಇಳಿಯುತ್ತಾರಾ ಎಂದು ಕೇಳಿದ್ದೀಯ. ನಮ್ಮ ಕಡೆ ಇಳಿಯುವುದಿಲ್ಲ, ನಿಜ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಲ್ಲಿ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲೇ ಇರುತ್ತವೆ. ಇಲ್ಲಿ ಎಲ್ಲ ತಿರುಗುಮುರುಗು. ಮಳೆಯೆಲ್ಲ ಚಳಿಗಾಲಕ್ಕೆ, ಬೇಸಿಗೆ ಒಣ. ಜೂನ್‌ನಲ್ಲಿ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಇರುತ್ತದೆ. ಉಬ್ಬರ ಇಳಿತವೂ ಹೆಚ್ಚಿಲ್ಲ. ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ ಇರಲೇಬೇಕು ಎಂಬ ಕಾನೂನಿದೆ, ಇತ್ತು ಕೂಡ. ಮಿಕ್ಕವರೆಲ್ಲ ಧುಮುಕಿ ಈಜಿದರು. ನಾನು ಜಾಕೆಟ್ ಹಾಕಿಕೊಂಡು ಏಣಿ ಹಿಡಿದು ಸೊಂಟದವರೆಗೆ ಇಳಿದೆ, ಅಷ್ಟೇ. ನೀನು ನೋಡಿದ ಫೋಟೋ ಅದೇ.

ದುಡ್ಡಿನ ವಿಷಯ. ಇಡೀ ದೋಣಿಯನ್ನು ದಿನಕ್ಕೆ ಬಾಡಿಗೆಗೆ ಹಿಡಿದೆವು ಎಂದರೆ ಅದು ದೊಡ್ಡಸ್ತಿಕೆಗಲ್ಲ. ನಮ್ಮ ಲ್ಯಾಬಿನವರೆಲ್ಲ ಸೇರಿ ಹಂಚಿಕೊಂಡಾಗ ತಲೆಗೆ ನೂರು ಯೂರೋ ಒಳಗೇ ಬಂತು. ಅದನ್ನು ರೂಪಾಯಿಗೆ ಗುಣಿಸಿಕೊಂಡು ಕೂರಬೇಡ, ನನ್ನ ಸ್ಟೈಪೆಂಡಿನಲ್ಲಿ ಉಳಿಸಿದ್ದು. ಅಮಾಲ್ಫಿಗೆ ರಸ್ತೆಯಲ್ಲಿ ಹೋಗಬಹುದಿತ್ತಲ್ಲ ಅಂದರೆ, ಆ ರಸ್ತೆ ನಮ್ಮ ಆಗುಂಬೆ ಘಾಟಿಗಿಂತ ಕಿರಿದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ. 19ನೇ ಶತಮಾನದಲ್ಲಿ ಕುದುರೆಗಾಡಿ ಕಾಲದಲ್ಲಿ ಕಡಿದದ್ದು, ಈಗ ಅದರಲ್ಲೇ ಟೂರಿಸ್ಟ್ ಬಸ್ಸುಗಳು. ಬೇಸಿಗೆಯ ವಾರಾಂತ್ಯಗಳಲ್ಲಿ ಹೊರಗಿನ ಕಾರುಗಳನ್ನು ನಂಬರಿನ ಸಮ-ಬೆಸ ನೋಡಿ ಬಿಡುತ್ತಾರೆ. ಆ ತಿರುವುಗಳಲ್ಲಿ ಬಸ್ಸಿನಲ್ಲಿ ಹೋಗುವುದಕ್ಕಿಂತ ದೋಣಿಯೇ ಕ್ಷೇಮ. ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜಕ್ಕೂ ಹಾಗೇ.

ಬೆಳಿಗ್ಗೆ ಸಲೆರ್ನೊದಿಂದ ಹೊರಟೆವು. ಇಲ್ಲಿಂದ ಪಶ್ಚಿಮಕ್ಕೆ ಪೊಸಿಟಾನೊವರೆಗಿನ ತೀರಕ್ಕೆ ಅಮಾಲ್ಫಿ ತೀರ ಅಂತಾರೆ. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೊದಲು ಸಿಗುವುದು ವಿಯೆತ್ರಿ, ಪಿಂಗಾಣಿ ಕೆಲಸದ ಊರು, ಅಲ್ಲಿ ಚರ್ಚಿನ ಗುಮ್ಮಟಕ್ಕೂ ಹಸಿರು ಹಳದಿ ಬಿಲ್ಲೆ ಹೊದಿಸಿದ್ದಾರೆ. ಆಮೇಲೆ ಚೆತಾರಾ, ಪೂರ್ತಿ ಮೀನುಗಾರರ ಊರು, ಸಣ್ಣ ಮೀನನ್ನು ಉಪ್ಪಿನಲ್ಲಿ ಹಾಕಿ ರಸ ಇಳಿಸುತ್ತಾರಂತೆ. ನಾವು ನಿಲ್ಲಲಿಲ್ಲ. ಮಯೋರಿ, ಮಿನೋರಿ ದಾಟಿದರೆ ಅಮಾಲ್ಫಿ. ಇಷ್ಟು ಚಿಕ್ಕ ಊರು ಒಂದು ಕಾಲಕ್ಕೆ ವೆನಿಸ್, ಜಿನೋವಾ, ಪೀಸಾ ಸಾಲಿಗೆ ಸೇರಿದ ಸ್ವತಂತ್ರ ಗಣರಾಜ್ಯ ಎಂದರೆ ನಂಬಲಿಕ್ಕಾಗುವುದಿಲ್ಲ. ಸಾವಿರ ವರ್ಷದ ಹಿಂದೆ ಇವರ ಹಡಗುಗಳು ಕಾನ್‌ಸ್ಟಾಂಟಿನೋಪಲ್‌ವರೆಗೆ ವ್ಯಾಪಾರಕ್ಕೆ ಹೋಗುತ್ತಿದ್ದವು. 1343ರ ನವೆಂಬರಿನಲ್ಲಿ ಎದ್ದ ಬಿರುಗಾಳಿಗೆ ಬಂದರು, ಕೆಳಪೇಟೆ ಎಲ್ಲ ಸಮುದ್ರದ ಪಾಲಾಯಿತಂತೆ. ಕಡಲಿಗೆ ಹೆದರಬೇಕು ಎನ್ನುವ ನಿನ್ನ ಮಾತು ಇವರಿಗೂ ಗೊತ್ತು, ಅದಕ್ಕೇ ಗಾಳಿ ಎದ್ದರೆ ಯಾರೂ ದೋಣಿ ಬಿಚ್ಚುವುದಿಲ್ಲ.

ಕೋಂಕಾ ಹತ್ತಿರ ಒಂದು ಗುಹೆಯೊಳಗೆ ಹೋದೆವು. 1932ರಲ್ಲಿ ಒಬ್ಬ ಮೀನುಗಾರ ಕಂಡುಹಿಡಿದದ್ದು. ನೀರಿನಡಿಯ ಬಿಲದಿಂದ ಬೆಳಕು ಒಳಗೆ ಬಂದು ನೀರೆಲ್ಲ ಪಚ್ಚೆ ಬಣ್ಣ. ಕೈ ಅದ್ದಿದರೆ ಕೈಯೂ ಪಚ್ಚೆ. ನೀನು ಇದ್ದಿದ್ದರೆ ಕೈ ಮುಗಿಯುತ್ತಿದ್ದೆ.

ಆದರೆ ನನಗೆ ಇಡೀ ದಿನ ಅಪ್ಪಯ್ಯ ನೆನಪಾದದ್ದು ನಿಂಬೆ ತೋಟ ನೋಡಿ. ಇಡೀ ಗುಡ್ಡವನ್ನು ಬುಡದಿಂದ ತಲೆಯವರೆಗೆ ಕಲ್ಲುಕಟ್ಟೆ ಕಟ್ಟಿ ಮೆಟ್ಟಿಲು ಮಾಡಿದ್ದಾರೆ, ಗಾರೆ ಇಲ್ಲ, ಬರೀ ಕಲ್ಲು ಕೂರಿಸಿದ್ದು. ಚೆಸ್ಟ್‌ನಟ್ ಮರದ ಗಳುಗಳಲ್ಲಿ ಚಪ್ಪರ ಹಾಕಿ ಗಿಡ ಹಬ್ಬಿಸುತ್ತಾರೆ, ಚಳಿಗಾಲಕ್ಕೆ ಮೇಲೆ ಬಲೆ ಹೊದಿಸುತ್ತಾರೆ. ಗಾಡಿ ಹೋಗುವ ದಾರಿಯೇ ಇಲ್ಲದ ಕಡೆ ಇವತ್ತಿಗೂ ಆಳುಗಳು ಬೆನ್ನ ಮೇಲೆ ಹೊತ್ತು ಇಳಿಸುತ್ತಾರೆ. ಹಿಂದೆ ಹೆಂಗಸರು ಐವತ್ತು ಕೆಜಿ ಮೀರಿದ ಬುಟ್ಟಿ ಹೊತ್ತು ಈ ಮೆಟ್ಟಿಲು ಇಳಿದು ಬಂದರಿಗೆ ತರುತ್ತಿದ್ದರಂತೆ. ಹಣ್ಣು ಎರಡೂ ತುದಿಗೆ ಚೂಪು, ದಪ್ಪ ಸಿಪ್ಪೆ, ಬೀಜ ಕಡಿಮೆ. ದೋಣಿ ನಡೆಸುವವರು ಮಯೋರಿಯವರು, ಅಪ್ಪಯ್ಯನಷ್ಟೇ ವಯಸ್ಸು. ತಮ್ಮ ತೋಟದ ಹಣ್ಣು ಸಿಪ್ಪೆ ಸಮೇತ ಹೆಚ್ಚಿ, ಉಪ್ಪು ಉದುರಿಸಿ ನಮಗೆಲ್ಲ ಕೊಟ್ಟರು. ಬಿಳಿ ತಿರುಳು ಸ್ವಲ್ಪವೂ ಕಹಿಯಿಲ್ಲ. ನಿನ್ನ ಉಪ್ಪಿನಕಾಯಿಗೆ ಇದು ಸಿಕ್ಕಿದ್ದರೆ ಏನು ಮಾಡುತ್ತಿದ್ದೆಯೋ. ಊಟಕ್ಕೆ ಬ್ರೆಡ್ಡು, ಟೊಮೆಟೊ, ಎಮ್ಮೆ ಹಾಲಿನ ಚೀಸು. ಸಲೆರ್ನೊದ ದಕ್ಷಿಣಕ್ಕೆ ಬಯಲಿನಲ್ಲಿ ಎಮ್ಮೆ ಸಾಕುವವರು ಬೇಕಾದಷ್ಟಿದ್ದಾರೆ. ಹೊಟ್ಟೆ ತುಂಬ ತಿಂದೆ, ಮಾಂಸ ಮೀನು ಮುಟ್ಟಲಿಲ್ಲ.

ನಿಂಬೆ ಹೆಚ್ಚುವಾಗ ದೋಣಿಯವರ ಉಗುರಿನ ಸಂದಿಯಲ್ಲಿ ನೀಲಿ ಕಂಡಿತು. ನೋಡಿದ ಕೂಡಲೇ ಗೊತ್ತಾಯಿತು, ಮೈಲುತುತ್ತ! ದ್ರಾಕ್ಷಿಗೆ ಹೊಡೆದಿದ್ದರಂತೆ. ನಾವು ತುತ್ತ, ಸುಣ್ಣ ಕಲೆಸಿ ಅಡಿಕೆಗೆ ಹೊಡೆಯುವ ಅದೇ ಬೋರ್ಡೊ. ಫ್ರಾನ್ಸಿನಲ್ಲಿ 1880ರ ದಶಕದಲ್ಲಿ ದ್ರಾಕ್ಷಿಗೆಂದು ಹುಟ್ಟಿದ ಔಷಧಿ ಅದು. ಅಪ್ಪಯ್ಯ ಹೇಳುತ್ತಾರಲ್ಲ, ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಮೈಸೂರು ಸಂಸ್ಥಾನದಲ್ಲಿದ್ದಾಗ, 1910ರ ಸುಮಾರಿಗೆ, ನಮ್ಮ ಅಡಿಕೆಯ ಕೊಳೆರೋಗಕ್ಕೆ ಅದನ್ನು ಒಗ್ಗಿಸಿ ತೋಟ ಉಳಿಸಿದರು ಅಂತ. ನೂರು ಲೀಟರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ ಎಂದು ನನಗೆ ಬರುವ ಇಟಾಲಿಯನ್‌ನಲ್ಲಿ ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ನನ್ನ ತಂದೆಯೂ ತೋಟಗಾರರು ಅಂದೆ. ಹೆಮ್ಮೆಯಿಂದಲೇ ಅಂದೆ.

ಈಗ ಮುಖ್ಯ ಮಾತು. ದೋಣಿ ಹತ್ತುವಾಗ ಎಲ್ಲರ ಚಪ್ಪಲಿ ಬುಟ್ಟಿಗೆ ಹಾಕಿಸುತ್ತಾರೆ, ಒಳಗೆ ಬರಿಗಾಲು. ದೋಣಿ ನಡೆಸುವವರೊಬ್ಬರೇ ದಿನವಿಡೀ ಮುಚ್ಚಿದ ಮೆತ್ತನೆ ಶೂ ಹಾಕಿಕೊಂಡಿದ್ದರು. ಬೇರೆ ದೋಣಿಯವರೆಲ್ಲ ಬರಿಗಾಲಲ್ಲಿ ಹಾರಾಡುತ್ತಾರೆ, ನೀವೇಕೆ ಹೀಗೆ ಎಂದು ನಮ್ಮವರೊಬ್ಬರು ಕೇಳಿದರು. ಸಕ್ಕರೆ ಕಾಯಿಲೆಯಂತೆ. ಪಾದಕ್ಕೆ ಸ್ಪರ್ಶವೇ ತಿಳಿಯುವುದಿಲ್ಲ, ಒಮ್ಮೆ ಚಿಪ್ಪು ಚುಚ್ಚಿದ್ದು ಗೊತ್ತಾಗದೆ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು ಎಂದರು. ಈಗ ದಿನಾ ರಾತ್ರಿ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳುತ್ತಾರಂತೆ. ಆಗ ಅಯ್ಯೋ ಪಾಪ ಅಂದುಕೊಂಡೆ. ಆಮೇಲೆ ನಿನ್ನ ಪತ್ರ ಬಂತು.

ಅಪ್ಪಯ್ಯನಿಗೂ ಅದೇ ಸಕ್ಕರೆ ಕಾಯಿಲೆಯಲ್ಲವಾ ಅಮ್ಮ, ನೋವಿಲ್ಲ ಎನ್ನುವುದೇ ಹೆದರಿಕೆಯ ಮಾತು. ಸಕ್ಕರೆ ಹಳೆಯದಾದಂತೆ ಪಾದದ ನರಗಳು ಸಾಯುತ್ತವೆ, ರಕ್ತ ಓಡಾಟವೂ ಕಡಿಮೆಯಾಗುತ್ತದೆ. ಗಾಯ ನೋಯುವುದಿಲ್ಲ, ವಾಸಿಯೂ ಆಗುವುದಿಲ್ಲ, ಒಳಗೊಳಗೆ ಮೂಳೆಗೆ ಇಳಿಯುತ್ತದೆ. ತಿಂಗಳಾದರೂ ಮಾಯದ ಹುಣ್ಣು ಸಣ್ಣದಲ್ಲ. ಅದರ ಮೇಲೆ ಈ ಮಳೆಯಲ್ಲಿ ಬರಿಗಾಲಲ್ಲಿ ತೋಟದ ಕೆಸರು, ಇಂಬಳ, ಡ್ರಮ್ಮಿನ ಹತ್ತಿರ ನಿಂತು ಸುಣ್ಣ ಕಲೆಸುವುದು. ಹಸಿ ಗಾಯಕ್ಕೆ ಸುಣ್ಣ, ತುತ್ತ ತಾಗಿದರೂ ಅಪ್ಪಯ್ಯನಿಗೆ ಗೊತ್ತಾಗುವುದಿಲ್ಲವಲ್ಲ.

ಅಡಿಕೆಗೆ ಮೊದಲನೇ ಔಷಧಿ ಹೊಡೆದು ಮುಗಿಯಲಿ, ಆಮೇಲೆ ತೋರಿಸೋಣ ಎಂದು ಅಪ್ಪಯ್ಯ ಹೇಳುತ್ತಾರೆ, ನನಗೆ ಗೊತ್ತು. ಮರ ಹತ್ತಿ ಹೊಡೆಯುವ ಕೊನೆಗೌಡ ಸಿಕ್ಕಿದಾಗಲೇ ಹೊಡೆಸಬೇಕು, ಬಿಟ್ಟರೆ ಮತ್ತೆ ಸಿಗುವುದಿಲ್ಲ, ಅದೂ ಗೊತ್ತು. ಮೇಲಿನಮನೆ ಭಾವ ಪೇಟೆಗೆ ಹೋದಾಗ ಫೋನಿಗೆ ಸಿಕ್ಕಿದ್ದರು, ಮಾತಾಡಿದ್ದೇನೆ. ಅವರ ತೋಟದ ಜೊತೆಗೆ ನಮ್ಮದನ್ನೂ ನಿಂತು ಹೊಡೆಸುತ್ತೇನೆ ಎಂದು ಒಪ್ಪಿದ್ದಾರೆ. ಈ ವರ್ಷ ನಾಲ್ಕು ಕೊನೆ ಕೊಳೆ ಬಂದು ಉದುರಿದರೆ ಉದುರಲಿ. ಅಡಿಕೆ ಮುಂದಿನ ವರ್ಷವೂ ಬಿಡುತ್ತದೆ.

ಅಣ್ಣ ಬಂದ ದಿನವೇ ಶಿವಮೊಗ್ಗಕ್ಕೆ ಹೊರಡಿ. ಮಣಿಪಾಲಕ್ಕೇ ಹೋಗೋಣ ಎಂದು ನನಗೂ ಅನಿಸಿತ್ತು, ಆದರೆ ಈ ಮಳೆಯಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೆ ದಾರಿಯಲ್ಲೇ ಕೂರಬೇಕು. ಶಿವಮೊಗ್ಗದಲ್ಲಿ ನೋಡಿ ಅವರು ಬರೆದುಕೊಟ್ಟರೆ ಆಮೇಲೆ ಮಣಿಪಾಲ. ಮೂರು ತಿಂಗಳ ಸಕ್ಕರೆಯ ಪರೀಕ್ಷೆ, ಕಾಲಿನ ಎಕ್ಸ್‌ರೇ, ರಕ್ತ ಓಡಾಟ ನೋಡುವ ಡಾಪ್ಲರ್, ಇಷ್ಟೂ ಆಗಬೇಕು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಅಲ್ಲಿಯವರೆಗೆ ಅರಿಶಿನ, ಕೊಬ್ಬರಿ ಎಣ್ಣೆ, ಸೊಪ್ಪಿನ ರಸ ಏನೂ ಹಚ್ಚಬೇಡ. ಬಿಸಿನೀರಲ್ಲಿ ಕಾಲು ಇಡಿಸಬೇಡ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ತೊಳೆದು, ಒರೆಸಿ, ಒಣ ಬಟ್ಟೆ ಕಟ್ಟು. ಆ ಕಾಲಿನ ಮೇಲೆ ಭಾರ ಹಾಕದೆ ಜಗುಲಿಯಲ್ಲಿ ಕೂರಲಿ. ಬೆರಳು ಕಪ್ಪಾಗಿದ್ದರೆ, ವಾಸನೆ ಬಂದರೆ, ಪಾದ ಊದಿ ಕೆಂಪಾಗಿದ್ದರೆ, ಜ್ವರ ಬಂದರೆ ಅಣ್ಣನಿಗೂ ಕಾಯಬೇಡ, ಭಾವನ ಜೀಪಿನಲ್ಲಿ ಆಗಲೇ ಹೊರಡಿ. ಬರುವಾಗ ಸಕ್ಕರೆ ಕಾಯಿಲೆಯವರು ಹಾಕುವ ಮೆತ್ತನೆ ಎಂಸಿಆರ್ ಚಪ್ಪಲಿ ಎರಡು ಜೊತೆ ತನ್ನಿ, ಒಂದು ಮನೆಯೊಳಗೆ, ಒಂದು ಹೊರಗೆ. ದೇವರ ಕೋಣೆಯೊಂದು ಬಿಟ್ಟು ಬೇರೆಲ್ಲ ಕಡೆ ಹಾಕಿಕೊಳ್ಳಬೇಕು. ಮಡಿ ಮೈಲಿಗೆ ಎಂದು ನೀನೇ ಅಡ್ಡ ಬರಬೇಡ ಅಮ್ಮ, ಕೈ ಮುಗಿದು ಕೇಳುತ್ತೇನೆ.

ಅಪ್ಪಯ್ಯನಿಗೆ ಇದನ್ನು ಓದಿ ಹೇಳು. ಬೈದರೆ ನನ್ನ ಮೇಲೆ ಹಾಕು. ನೀವು ಆಸ್ಪತ್ರೆಗೆ ಹೋಗದಿದ್ದರೆ ಮಗಳು ಎಲ್ಲ ಬಿಟ್ಟು ಟಿಕೆಟ್ ತೆಗೆಸಿ ಬರುತ್ತಾಳೆ ಎಂದು ಹೇಳು, ನಿಜವಾಗಿಯೂ ಬರುತ್ತೇನೆ. ಅವರನ್ನು ಇಲ್ಲಿಗೆ ಕರೆದುಕೊಂಡು ಬಂದು ಆ ಕಲ್ಲುಕಟ್ಟೆಯ ತೋಟದಲ್ಲಿ ನಡೆಸಿ ತೋರಿಸಬೇಕು ಅಂತ ನನಗೆ ಆಸೆ ಇದೆ. ನಡೆಯಲು ಕಾಲು ಬೇಕು ಎಂದೂ ಹೇಳು.

ಖರ್ಚಿಗೆ ಅಣ್ಣನ ಖಾತೆಗೆ ಹಣ ಹಾಕಿದ್ದೇನೆ. ಸಾಲದಿದ್ದರೆ ಇನ್ನೂ ಹಾಕುತ್ತೇನೆ, ನನ್ನ ಹತ್ತಿರ ಇದೆ, ನನಗೆ ಏನೂ ತೊಂದರೆಯಿಲ್ಲ. ಸೊಸೈಟಿ ಸಾಲಕ್ಕೆ ಕೈ ಹಾಕಬೇಡಿ. ನಾನು ಚೆನ್ನಾಗಿದ್ದೇನೆ, ಅನ್ನ ಸಾರು ಮಾಡಿಕೊಂಡು ಉಣ್ಣುತ್ತೇನೆ, ನಿದ್ದೆ ಚೆನ್ನಾಗಿ ಬರುತ್ತದೆ, ಕೆಲಸ ಸರಿಯಾಗಿ ನಡೆದಿದೆ, ಜೊತೆಯವರೆಲ್ಲ ಒಳ್ಳೆಯವರು. ದೋಣಿಯಲ್ಲಿ ಇದ್ದ ಹುಡುಗರ ಬಗ್ಗೆ ಕೇಳಿದ್ದೀಯ, ಅವರೆಲ್ಲ ಲ್ಯಾಬಿನವರು, ಬೇರೆ ಏನೂ ಇಲ್ಲ, ಆ ಮಾತು ಆಮೇಲೆ. ಈ ವರ್ಷ ಇನ್ನು ಸಮುದ್ರಕ್ಕೆ ಹೋಗುವುದಿಲ್ಲ, ಆಯಿತಾ?

ಅಣ್ಣ ಆನ್‌ಲೈನ್ ಇದ್ದಾನೆ, ಈಗಲೇ ಕಳಿಸಬೇಕು. ಡಾಕ್ಟರು ಏನಂದರು ಎಂದು ಆಸ್ಪತ್ರೆಯಿಂದಲೇ ಫೋನ್ ಮಾಡಿಸು, ಇಲ್ಲಿ ಎಷ್ಟು ಹೊತ್ತಾದರೂ ಎತ್ತುತ್ತೇನೆ. ಹಳೆ ಚೀಟಿ, ಮಾತ್ರೆ ಡಬ್ಬಿ ಮರೆಯದೆ ತೆಗೆದುಕೊಂಡು ಹೋಗಿ.

ಅಪ್ಪಯ್ಯನಿಗೆ ನಮಸ್ಕಾರ.

ನಿನ್ನ ಪುಟ್ಟಿ