ತಟ್ಟೆ ಯಾವುದಾದರೇನು ಅಂದೆಯಲ್ಲ

ಪ್ರೀತಿಯ ಪುಟ್ಟಿ,

ಸೆಮಿನಾರ್‌ಗೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶ ಆಗಬಲ್ಲ ಮೂಲಕೋಶ) ವಿಷಯ ತಗೊಂಡಿದ್ದೀಯ ಅಂತ ಕೇಳಿ ಖುಷಿಯಾಯಿತು. ಆದರೆ ಫೋನಲ್ಲಿ ಒಂದು ಮಾತು ಅಂದೆ ನೋಡು, "ಒಳ್ಳೆ ಮೀಡಿಯಮ್ ಹಾಕಿದ್ರೆ ಬೆಳೆಯುತ್ತೆ, ತಟ್ಟೆ ಯಾವುದಾದ್ರೇನಮ್ಮಾ" ಅಂತ. ಮೈಸೂರಿನ ಲ್ಯಾಬಲ್ಲಿ ದಿನಾ ಮೀಡಿಯಮ್ ಅನ್ನುವ ಪೋಷಕ ದ್ರವದಲ್ಲಿ ಸೆಲ್ ಬೆಳೆಸುವ, ಅಂದರೆ ಸೆಲ್ ಕಲ್ಚರ್ ಮಾಡುವವಳ ಮಗಳು ಹೀಗನ್ನಬಹುದಾ? ಫೋನಲ್ಲಿ ಹೇಳಿದರೆ ಹೂಂ ಹೂಂ ಅಂತೀಯ ಅಷ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ನಿಮ್ಮ ಕಾಲೇಜಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲಾಸ್ಟಿಕ್ ಪೆಟ್ರಿ ಡಿಶ್ ಇರುತ್ತೆ. ನಮ್ಮ ಸೆಲ್ ಕಲ್ಚರ್ ಡಿಶ್ ಕೂಡ ಅದೇ ಪಾಲಿಸ್ಟೈರೀನ್ ಪ್ಲಾಸ್ಟಿಕ್. ಎರಡರ ಮೇಲೂ ಒಂದೊಂದು ಹನಿ ನೀರು ಬಿಟ್ಟು ನೋಡು. ಮೊದಲನೆಯದರಲ್ಲಿ ಹನಿ ಉಬ್ಬಿಕೊಂಡು ನಿಲ್ಲುತ್ತೆ. ನಮ್ಮದರಲ್ಲಿ ಹರಡಿಕೊಳ್ಳುತ್ತೆ. ಪ್ಲಾಸ್ಮಾದಿಂದ ಅದರ ಮೇಲ್ಮೈಗೆ ಆಮ್ಲಜನಕ ಸೇರಿಸಿರುತ್ತಾರೆ. (ರಕ್ತದ ಪ್ಲಾಸ್ಮಾ ಅಲ್ಲ ಮತ್ತೆ, ವಿದ್ಯುತ್ ಹಾಯಿಸಿದ ಅನಿಲ!) ಅಷ್ಟಾದರೂ ಸೆಲ್ ನೇರವಾಗಿ ಪ್ಲಾಸ್ಟಿಕ್ ಹಿಡಿಯಲ್ಲ. ಮೀಡಿಯಮ್‌ಗೆ ಹಾಕುವ ಸೀರಮ್‌ನಲ್ಲಿರುವ (ರಕ್ತದಿಂದ ತೆಗೆದ ದ್ರವ) ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಅನ್ನುವ ಪ್ರೋಟೀನುಗಳು ಮೊದಲು ಬಂದು ಕೂರುತ್ತವೆ. ಸೆಲ್ ತನ್ನ ಮೈಮೇಲಿನ ಇಂಟೆಗ್ರಿನ್ ಅನ್ನುವ ಹಿಡಿಕೆ ಪ್ರೋಟೀನುಗಳಿಂದ ಅವನ್ನು ಹಿಡಿದು ಎಳೆದು ನೋಡುತ್ತೆ. ಜಗ್ಗುತ್ತಾ, ಬಿಗಿಯಾಗಿ ನಿಲ್ಲುತ್ತಾ ಅನ್ನುವುದರ ಮೇಲೆ ಮುಂದಿನದು.

ಮಳವಳ್ಳಿಯಲ್ಲಿ ತಾತನ ಮನೆಯ ಹಣ್ಣು ಹುಳ, ಅಂದರೆ ಗೂಡು ಕಟ್ಟಲು ಸಿದ್ಧವಾದ ರೇಷ್ಮೆ ಹುಳ, ನೋಡಿದ್ದೀಯಲ್ಲ? ಸೊಪ್ಪು ಬಿಟ್ಟು, ತಲೆ ಎತ್ತಿ ಅತ್ತಿತ್ತ ತಡಕಾಡುತ್ತೆ. ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಟ್ಟರೆ ಸಂದಿ ಹಿಡಿದು ಗೂಡು ಕಟ್ಟುತ್ತೆ. ಬರೀ ಸಪಾಟು ಜಾಗದಲ್ಲಿ ಬಿಟ್ಟರೆ ಅದೇ ನೂಲನ್ನು ಹಾಳೆಯ ಹಾಗೆ ಹರಡಿಬಿಡುತ್ತೆ. ಹುಳ ಅದೇ, ತಿಂದ ಸೊಪ್ಪೂ ಅದೇ. ಸ್ಟೆಮ್ ಸೆಲ್ ಕಥೆಯೂ ಹೀಗೇ.

2006ರಲ್ಲಿ ಎಂಗ್ಲರ್, ಡಿಶರ್ ಅನ್ನುವ ವಿಜ್ಞಾನಿಗಳು ಮತ್ತು ಜೊತೆಯವರು ಮೂಳೆ ಮಜ್ಜೆಯ ಸ್ಟೆಮ್ ಸೆಲ್‌ಗಳನ್ನು ಬೇರೆ ಬೇರೆ ಗಟ್ಟಿತನದ ಪಾಲಿಅಕ್ರಿಲಮೈಡ್ ಜೆಲ್ ಮೇಲೆ ಬೆಳೆಸಿದರು. ಮೀಡಿಯಮ್ ಎಲ್ಲಕ್ಕೂ ಒಂದೇ. ಮಿದುಳಿನಷ್ಟು ಮೆತ್ತಗಿನ, 1 ಕಿಲೋಪಾಸ್ಕಲ್‌ಗೂ (ಗಟ್ಟಿತನದ ಅಳತೆ) ಕಡಿಮೆ ಇರುವ ಜೆಲ್ ಮೇಲೆ ಅವು ನರಕೋಶದ ಹಾಗೆ ಕೈಕಾಲು ಚಾಚಿದವು. 8ರಿಂದ 17 ಕಿಲೋಪಾಸ್ಕಲ್ ಇದ್ದಲ್ಲಿ ಸ್ನಾಯುವಿನ ಕಡೆ, 25ರಿಂದ 40 ಇದ್ದಲ್ಲಿ ಮೂಳೆಯ ಕಡೆ ವಾಲಿದವು. ನಾವು ದಿನಾ ಬಳಸುವ ಡಿಶ್ ಆ ಮೂಳೆ ಜೆಲ್‌ಗಿಂತ ಸುಮಾರು ಲಕ್ಷ ಪಟ್ಟು ಗಟ್ಟಿ! ಅದರ ಮೇಲೆ ಬೆಳೆಸಿ ಸೆಲ್‌ಗಳ ಸಹಜ ಸ್ವಭಾವ ಅಂತ ಬರೆದುಕೊಳ್ಳುತ್ತೇವೆ. ನನಗಂತೂ ಇದು ಒಂದು ಥರ ತಮಾಷೆ ಅನ್ನಿಸುತ್ತೆ.

ಗಟ್ಟಿತನ ಒಂದೇ ಅಲ್ಲ. ಮರುವರ್ಷ ಗ್ಲಾಸ್ಗೋದಲ್ಲಿ ಡಾಲ್ಬಿ ತಂಡದವರು ಪ್ಲಾಸ್ಟಿಕ್ ಮೇಲೆ 120 ನ್ಯಾನೊಮೀಟರ್ ಅಗಲದ ಗುಳಿಗಳನ್ನು ಮಾಡಿದರು. ಸಾಲಾಗಿ ನೇರವಾಗಿದ್ದ ಗುಳಿಗಳಿಂದ ಹೆಚ್ಚೇನೂ ಆಗಲಿಲ್ಲ. ಅವನ್ನೇ ಸ್ವಲ್ಪ ಆಚೀಚೆ ಸರಿಸಿದಾಗ, ಮೂಳೆ ಮಾಡಿಸುವ ಯಾವ ರಾಸಾಯನಿಕವೂ ಇಲ್ಲದೆ ಸೆಲ್‌ಗಳು ಮೂಳೆಯ ಖನಿಜ ಕಟ್ಟಿದವು. ನನಗೆ ಎಂಗ್ಲರ್ ಕೆಲಸಕ್ಕಿಂತ ಇದೇ ಜಾಸ್ತಿ ಇಷ್ಟ.

ಆದರೆ ಸುಮ್ನೆ 2006ರ ಚಿತ್ರ ತೋರಿಸಿ ಕೂತುಬಿಡಬೇಡ. 2012ರಲ್ಲಿ ಟ್ರ್ಯಾಪ್‌ಮನ್ ಮತ್ತಿತರರು, ಗಟ್ಟಿತನಕ್ಕಿಂತ ಪ್ರೋಟೀನು ಜೆಲ್‌ಗೆ ಎಷ್ಟು ಭದ್ರವಾಗಿ ಅಂಟಿದೆ ಅನ್ನೋದೇ ಮುಖ್ಯ ಅಂದರು. 2014ರಲ್ಲಿ ಎಂಗ್ಲರ್ ಗುಂಪು, ಇಲ್ಲ, ಗಟ್ಟಿತನವೇ ಅಂತ ಉತ್ತರ ಕೊಟ್ಟಿತು. ಸರ್ ಕೇಳುವುದು ಇದನ್ನೇ.

ನಮ್ಮ ಕಡೆಯದೊಂದು ಸ್ಲೈಡೂ ಹಾಕು. ಗೂಡನ್ನು ಸೋಡಾ ನೀರಲ್ಲಿ ಕುದಿಸಿ ಗೋಂದು ತೆಗೆದರೆ ಉಳಿಯುವ ಫೈಬ್ರಾಯಿನ್ ಅನ್ನುವ ರೇಷ್ಮೆ ಪ್ರೋಟೀನು ಒಳ್ಳೆಯ ಬಯೋಮೆಟೀರಿಯಲ್, ಅಂದರೆ ಸೆಲ್ ಬೆಳೆಸಲು ಒಗ್ಗುವ ವಸ್ತು. ಆದರೆ ಇಂಟೆಗ್ರಿನ್ ಹಿಡಿಯುವ ಆರ್‌ಜಿಡಿ ಅನ್ನುವ ಮೂರು ಅಮೈನೋ ಆಮ್ಲಗಳ ಜೋಡಣೆ ನಮ್ಮ ಹಿಪ್ಪುನೇರಳೆ ರೇಷ್ಮೆಯ ಫೈಬ್ರಾಯಿನ್‌ನಲ್ಲಿ ಇಲ್ಲ, ಕಾಡಿನ ಟಸರ್‌ನಲ್ಲಿ ಇದೆ. ತಾತನಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಹೇಳಬೇಡ.

ಸ್ಲೈಡುಗಳನ್ನು ಶನಿವಾರದೊಳಗೆ ವಾಟ್ಸಾಪ್ ಮಾಡು. ಕಿಲೋಪಾಸ್ಕಲ್, ಗಿಗಾಪಾಸ್ಕಲ್ ಅದಲುಬದಲಾಗಿದೆಯಾ ಅಂತ ನೋಡಿ ಹೇಳುತ್ತೇನೆ.

ನಿನ್ನ ಅಮ್ಮ