ಲ್ಯಾಬಿನ ಲಿನಕ್ಸ್‌ಗೆ ಅಪ್‌ಡೇಟ್ ಹಾಕೋರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆಯಲ್ಲಿ ಕಂಪ್ಯೂಟರ್ ಲ್ಯಾಬುಗಳಿಗೆ ಬರ ಇಲ್ಲ. ಎಷ್ಟೋ ಕಡೆ ವಿಂಡೋಸ್ ಬದಲು ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಂನ ಒಂದು ಬಗೆಯಾದ ಉಬುಂಟು ಹಾಕಿದ್ದಾರೆ, ಲೈಸೆನ್ಸ್ ದುಡ್ಡು ಉಳಿಯುತ್ತದೆ, ಒಳ್ಳೆಯದೇ. ಆದರೆ ಇನ್‌ಸ್ಟಾಲ್ ಮಾಡಿದವರು ಹೋದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಈಚೆಗೆ ಒಂದು ಲ್ಯಾಬಿನಲ್ಲಿ ಇನ್ನೂ ಉಬುಂಟು 18.04 ಓಡುತ್ತಿರುವುದನ್ನು ನೋಡಿದೆ. ಅದರ ಮಾಮೂಲಿ ಅಪ್‌ಡೇಟ್ 2023ರಲ್ಲೇ ನಿಂತಿದೆ. ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ, ಅದು ಕಂಪ್ಯೂಟರ್ ಸಪ್ಲೈ ಮಾಡಿದವರ ಹತ್ರ ಇದೆ ಅಂದರು!

ಲಿನಕ್ಸ್‌ಗೆ ವೈರಸ್ ಬರಲ್ಲ, ಸುಮ್ನೆ ಬಿಡಿ ಅನ್ನುವವರು ಜಾಸ್ತಿ. 2024ರ ಮಾರ್ಚ್‌ನಲ್ಲಿ ಏನಾಯ್ತು ಅಂತ ಅವರು ಓದಬೇಕು. ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಇರುವ ಎಕ್ಸ್‌ಝಡ್ ಎಂಬ, ಫೈಲ್ ಕುಗ್ಗಿಸುವ ಪ್ಯಾಕೇಜಿನೊಳಗೆ (ಪ್ಯಾಕೇಜ್ ಅಂದರೆ ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟು), ಅದನ್ನು ನೋಡಿಕೊಳ್ಳುತ್ತಿದ್ದವರ ನಂಬಿಕೆ ಗಳಿಸಿ ಒಳಗೆ ಬಂದಿದ್ದ ಒಬ್ಬ ಕಳ್ಳಬಾಗಿಲು ಇಟ್ಟಿದ್ದ. ಸಿಕ್ಕಿದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಭದ್ರವಾಗಿ ಸೇರುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನಿಸಿತು, ಯಾಕೆ ಅಂತ ಬೆನ್ನು ಹತ್ತಿದರು. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಕೈಯಲ್ಲಿ ಇದ್ದಿದ್ದಕ್ಕೇ ಬೇರು ಸಿಕ್ಕಿತು. ಆ ಬಾಗಿಲನ್ನು ತೆರೆಯುವ ಸ್ಕ್ರಿಪ್ಟ್ ಎಲ್ಲರೂ ನೋಡುವ ಗಿಟ್ ಎಂಬ ಕೋಡ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆ ಮಾಡಿದ ಟಾರ್ ಫೈಲಿನಲ್ಲಿ (ಕೋಡ್ ಫೈಲುಗಳ ಕಟ್ಟಿನಲ್ಲಿ) ಮಾತ್ರ ಇತ್ತು. ಉಬುಂಟುಗೆ ಮೂಲವಾದ ಡೆಬಿಯನ್ ಎಂಬ ಲಿನಕ್ಸ್‌ನ ಸ್ಟೇಬಲ್ (ಸ್ಥಿರ) ಆವೃತ್ತಿಗೆ ಅದು ತಲುಪುವ ಮೊದಲೇ ಹಿಡಿದರು, ಪುಣ್ಯ.

ಇನ್ನೊಂದು ಮಾತು. 'ಆಪ್ಟ್ ಅಪ್‌ಡೇಟ್' ಎಂಬ ಕಮಾಂಡ್ ಕೊಟ್ಟು ಮುಗೀತು ಅಂದುಕೊಳ್ಳುತ್ತಾರೆ. ಅದು ಸಿಗುವ ಪ್ಯಾಕೇಜುಗಳ ಪಟ್ಟಿ ತರುತ್ತದೆ ಅಷ್ಟೇ, ಪ್ಯಾಕೇಜ್ ಬದಲಾಗುವುದು 'ಆಪ್ಟ್ ಅಪ್‌ಗ್ರೇಡ್' ಕೊಟ್ಟಾಗ. ಹಾಗೇ, ಡೆಬಿಯನ್‌ನಲ್ಲಿ ಪ್ಯಾಕೇಜಿನ ನಂಬರ್ ಹಳೆಯದು ಕಂಡರೆ ಗಾಬರಿ ಬೇಡ, ಯಾವುದೋ ವೆಬ್‌ಸೈಟಿನಿಂದ ಹೊಸದನ್ನು ತಂದು ಹಾಕುವುದಂತೂ ಬೇಡವೇ ಬೇಡ. ಡೆಬಿಯನ್‌ನವರು ಹಳೆ ಆವೃತ್ತಿಯನ್ನೇ ಇಟ್ಟುಕೊಂಡು ಭದ್ರತೆಯ ತಿದ್ದುಪಡಿಯನ್ನಷ್ಟೇ ಅದಕ್ಕೆ ಸೇರಿಸುತ್ತಾರೆ. ಸೋರ್ಸ್ ರೆಪೊಸಿಟರಿ (ಸೋರ್ಸ್ ಕೋಡ್ ಸಿಗುವ ಭಂಡಾರ) ಆನ್ ಮಾಡಿ 'ಆಪ್ಟ್ ಸೋರ್ಸ್' ಕೊಟ್ಟರೆ ಆ ತಿದ್ದುಪಡಿ ಪ್ಯಾಚ್ ಫೋಲ್ಡರಿನಲ್ಲಿ ಸಾಲು ಸಾಲಾಗಿ ಕಾಣುತ್ತದೆ. ನಮ್ಮ ಡಿಪ್ಲೊಮಾ ಹುಡುಗರಿಗೆ ಇದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ಯಾವುದಿದೆ? ದುಡ್ಡು ಕೊಟ್ಟರೂ ಸಿಗದ ಪಾಠ ಅದು, ಇಲ್ಲಿ ಬಿಟ್ಟಿ ಸಿಗುತ್ತಿದೆ, ಆದರೆ ತೋರಿಸುವವರಿಲ್ಲ.

ಕಾಲೇಜಿನವರಲ್ಲಿ, ಶಾಲೆಗಳ ಎಸ್‌ಡಿಎಂಸಿಯವರಲ್ಲಿ ನನ್ನ ಕೇಳಿಕೆ ಇಷ್ಟು. ಕಂಪ್ಯೂಟರ್ ಕೊಳ್ಳುವಾಗ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ ಅಂತ ಬರೆಸಿಕೊಳ್ಳಿ. ಸಪ್ಲೈ ಮಾಡುವವರು ತಾವೇ ಬದಲಾಯಿಸಿದ ಲಿನಕ್ಸ್ ಕೊಟ್ಟರೆ ಅದರ ಸೋರ್ಸ್ ಕೋಡನ್ನೂ ಕೇಳಿ. ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಇರುವುದು ಜಿಪಿಎಲ್ ಎಂಬ, ಹಂಚುವವರು ಸೋರ್ಸ್ ಕೋಡನ್ನೂ ಕೊಡಬೇಕು ಅನ್ನುವ ಲೈಸೆನ್ಸ್ ಅಡಿಯಲ್ಲಿ, ಕೇಳುವುದು ನಿಮ್ಮ ಹಕ್ಕು. ಪಾಸ್‌ವರ್ಡ್ ನಿಮ್ಮ ಲ್ಯಾಬಿನವರ ಕೈಯಲ್ಲೇ ಇರಲಿ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಯಾವ ಉಬುಂಟುಗೆ ಎಲ್ಲಿವರೆಗೆ ಅಪ್‌ಡೇಟ್ ಅಂತ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿಕ್ಕ ಪಟ್ಟಿ ಹಾಕಿದರೆ ಬಹಳ ಜನಕ್ಕೆ ಅನುಕೂಲ ಆಗುತ್ತದೆ.

– ಒಬ್ಬ ಕಂಪ್ಯೂಟರ್ ಶಿಕ್ಷಕ, ವಿದ್ಯಾನಗರ, ದಾವಣಗೆರೆ