ಅಕ್ಟೋಬರ್‌ನಿಂದ ಶಿಖರಕ್ಕೆ ಒಂದು ದಿನ, ಅಬ್ಬಿಗೆ ಬೇರೆ ದಿನ: ನಮ್ಮ ಜೊತೆ ನಡೆಯುವವರಿಗೆ ಒಂದು ಪತ್ರ

ಆತ್ಮೀಯರೇ, ನಮಸ್ಕಾರ.

ಅಕ್ಟೋಬರ್ 1ರಿಂದ ಕಳಸದ ನಮ್ಮ ಚಾರಣ ಮಾರ್ಗದರ್ಶಿಗಳ ಸಂಘದ ‘ಕುದುರೆಮುಖ ಶಿಖರ ಮತ್ತು ಸೋಮಾವತಿ ಅಬ್ಬಿ (ಜಲಪಾತ), ಒಂದೇ ದಿನ’ ಚಾರಣ ಇರುವುದಿಲ್ಲ. ಶಿಖರಕ್ಕೆ ಒಂದು ದಿನ, ಅಬ್ಬಿಗೆ ಬೇರೆ ದಿನ. ಇಬ್ಬರು ಗೈಡ್‌ಗಳ ಜೊತೆ 16 ಜನ ಹೋಗುತ್ತಿದ್ದ ತಂಡ ಇನ್ನು 8 ಜನರದ್ದು, ಗೈಡ್‌ಗಳು ಇಬ್ಬರೇ. ಶಿಖರದ ಶುಲ್ಕ ತಲೆಗೆ 150 ರೂಪಾಯಿ ಏರಿದೆ. ದಸರಾ ರಜೆ, ದೀಪಾವಳಿ ರಜೆ ನೋಡಿಕೊಂಡು ಮೊದಲೇ ದುಡ್ಡು ಕಟ್ಟಿ ಕೂತವರಿಗೆ ಇದು ಬೇಸರದ ಸುದ್ದಿ ಎಂದು ಗೊತ್ತು. ದಯವಿಟ್ಟು ಕ್ಷಮಿಸಿ. ನಿರ್ಧಾರ ಮಾತ್ರ ಬದಲಾಗುವುದಿಲ್ಲ. ಯಾಕೆ ಎಂಬುದನ್ನು ಬಿಡಿಸಿ ಹೇಳಿದರೆ ನಿಮಗೇ ಸರಿ ಅನ್ನಿಸಬಹುದು.

ಫೋನಿನಲ್ಲೂ ವಾಟ್ಸ್ಆ್ಯಪ್‌ನಲ್ಲೂ ಬರುತ್ತಿರುವ ಮಾತು ಒಂದೇ: ‘ಅಬ್ಬಿ ತೆಗೆದುಹಾಕಿದ್ರಿ, ದುಡ್ಡು ಜಾಸ್ತಿ ಮಾಡಿದ್ರಿ. ಜೀಪು ಹೇಗೂ ಅದೇ ರಸ್ತೆಯಲ್ಲಿ ವಾಪಸ್ ಬರುತ್ತಲ್ಲ, ಅರ್ಧ ಗಂಟೆ ನಿಲ್ಲಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?’ ಕೇಳುವುದು ನ್ಯಾಯವೇ. ಉತ್ತರ ಸ್ವಲ್ಪ ಉದ್ದ ಇದೆ.

ಮೊದಲು ಹೊತ್ತಿನ ಲೆಕ್ಕ. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಬೆಳಿಗ್ಗೆ 7ಕ್ಕೆ ಹೊರಟರೆ, ಅಭ್ಯಾಸವಿಲ್ಲದವರೂ ಇರುವ ತಂಡ 1,894 ಮೀಟರ್ ಎತ್ತರದ ತುದಿ ಮುಟ್ಟುವಾಗ ಹನ್ನೊಂದೂವರೆ. ಊಟ, ಫೋಟೊ, ಕಾಲು ಚಾಚಿ ಕೂರುವುದು ಸೇರಿ ಮುಕ್ಕಾಲು ಗಂಟೆ. ಇಳಿಯಲು ನಾಲ್ಕು ಗಂಟೆ. ಎಲ್ಲವೂ ನೆಟ್ಟಗೆ ನಡೆದರೆ ಸಂಜೆ ನಾಲ್ಕೂಕಾಲಿಗೆ ಮುಳ್ಳೋಡಿ. ಆದರೆ ಎಲ್ಲವೂ ನೆಟ್ಟಗೆ ನಡೆಯುವ ದಿನ ಅಪರೂಪ. ಯಾರಿಗೋ ಮೀನಖಂಡ ಹಿಡಿದುಕೊಳ್ಳುತ್ತದೆ, ಯಾರದೋ ಶೂವಿನ ಅಟ್ಟೆ ಕಿತ್ತು ಬರುತ್ತದೆ, ಮಂಜು ಕವಿದು ಮುಂದಿನವರು ಕಾಣದೆ ಇಪ್ಪತ್ತು ನಿಮಿಷ ನಿಲ್ಲಬೇಕಾಗುತ್ತದೆ. ಹಾಗಾಗಿ ಒಂದು ಗಂಟೆ ಕೈಯಲ್ಲಿ ಉಳಿಸಿಕೊಂಡೇ ನಾವು ಹೊತ್ತು ಹಾಕುವುದು. ಅಲ್ಲಿಗೆ ಐದೂಕಾಲು. ನವೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಗುಡ್ಡದ ಕಣಿವೆಗಳಲ್ಲಿರುವ ದಟ್ಟ ಶೋಲಾ ಕಾಡಿನ ಒಳಗಂತೂ ಅದಕ್ಕೂ ಮೊದಲೇ ಕತ್ತಲು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ರಾತ್ರಿ ತಂಗಲು ಅನುಮತಿ ಇಲ್ಲ. ಈ ಲೆಕ್ಕದಲ್ಲಿ ಅಬ್ಬಿಯ ಅರ್ಧ ಗಂಟೆ ಎಲ್ಲಿಂದ ಬರುತ್ತಿತ್ತು ಎಂದರೆ, ಆ ಕೈಯಲ್ಲಿದ್ದ ಒಂದು ಗಂಟೆಯಿಂದ. ಅರ್ಧ ಗಂಟೆ ಎಂದು ಇಳಿದವರು ಅರ್ಧ ಗಂಟೆಗೆ ಮೇಲೆ ಬಂದದ್ದೂ ಇಲ್ಲ ಬಿಡಿ.

ಎರಡನೆಯದು ಕಾಲು. ಇಪ್ಪತ್ತು ಕಿಲೋಮೀಟರ್ ನಡೆದ ಕಾಲು ಬೆಳಗಿನ ಕಾಲಲ್ಲ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಮೈಭಾರ ತಡೆದು ತಡೆದು ತೊಡೆಯ ಸ್ನಾಯು ನಡುಗುತ್ತಿರುತ್ತದೆ. ಆ ಕಾಲನ್ನು ತಣ್ಣೀರಿಗೆ ಇಟ್ಟರೆ ಸೆಳೆತ ಹಿಡಿಯುವ ಸಂಭವ ಹೆಚ್ಚು. ನೀರಿನೊಳಗೆ ಸೆಳೆತ ಹಿಡಿದರೆ ಈಜು ಬಂದರೂ ಪ್ರಯೋಜನವಿಲ್ಲ. ಅಬ್ಬಿಯ ಬುಡದ ನೀರಂತೂ ಹೊಳೆಯ ನೀರಿನ ಹಾಗೆ ಎತ್ತಿ ಹಿಡಿಯುವುದಿಲ್ಲ. ಬಿದ್ದ ರಭಸಕ್ಕೆ ಗಾಳಿ ಬೆರೆತು ನೊರೆಯಾದ ನೀರದು, ಅದರಲ್ಲಿ ಮೈ ತೇಲುವುದು ಕಡಿಮೆ. ಕೆಳಗಿನ ಸುಳಿ ಹೊರಗೆ ತಳ್ಳುವ ಬದಲು ಮತ್ತೆ ಬೀಳುವ ನೀರಿನ ಬುಡಕ್ಕೇ ಎಳೆಯುತ್ತದೆ. ಮಳೆಗಾಲದಲ್ಲಿ ಕೊಚ್ಚಿಕೊಂಡು ಬಂದ ಮರದ ದಿಮ್ಮಿ, ಬೇರು ಗುಂಡಿಯೊಳಗೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೇಲಿನಿಂದ ಕಾಣುವುದೂ ಇಲ್ಲ. ಕಪ್ಪಗೆ ಹೊಳೆಯುವ ಬಂಡೆ ಎಂದರೆ ಪಾಚಿ ಎಂದೇ ಲೆಕ್ಕ. ಬಿಸಿಲು ಬಿದ್ದು ಬಿಳಿಚಿದ, ತರಿತರಿಯಾದ ಕಲ್ಲಿನ ಮೇಲೆ ಮಾತ್ರ ಕಾಲಿಡಬೇಕು. ಸಂಜೆ ಐದಕ್ಕೆ ನೆರಳಿನಲ್ಲಿ ಈ ಎರಡೂ ಒಂದೇ ಬಣ್ಣ.

ಮೂರನೆಯದು ಮಳೆ. ‘ಸೆಪ್ಟೆಂಬರ್ ಕಳೀತಲ್ಲ, ಮಳೆ ಎಲ್ಲಿದೆ?’ ಎನ್ನುತ್ತಾರೆ. ಮಲೆನಾಡಿನವರಿಗೆ ಗೊತ್ತು, ಹಸ್ತ, ಚಿತ್ತ ಮಳೆ ಬೆಳಿಗ್ಗೆ ಸುಳಿವು ಕೊಡುವುದಿಲ್ಲ. ಮಧ್ಯಾಹ್ನದವರೆಗೆ ಚುರುಗುಟ್ಟುವ ಬಿಸಿಲು, ಮೂರರ ಮೇಲೆ ಗುಡುಗು. ಮಳೆ ಗುಡ್ಡದ ನೆತ್ತಿಯ ಮೇಲೆ ಸುರಿದು ಕೆಳಗೆ ಒಂದು ಹನಿಯೂ ಬೀಳದಿದ್ದರೂ ಹಳ್ಳ ಏರುತ್ತದೆ. ಏರುವ ಮುಂಚಿನ ಗುರುತುಗಳನ್ನು ನಮ್ಮ ಜೊತೆ ಬಾರದವರೂ ತಿಳಿದಿರಲಿ ಎಂದು ಬರೆಯುತ್ತೇವೆ. ತಿಳಿನೀರಿಗೆ ಚಹಾದ ಬಣ್ಣ ಬರುತ್ತದೆ. ಒಣ ಎಲೆ, ಪುರಲೆ ಕಡ್ಡಿ ತೇಲಿ ಬರಲು ಶುರುವಾಗುತ್ತವೆ. ನೀರಿನ ಸದ್ದು ದಪ್ಪವಾಗುತ್ತದೆ. ಹಳ್ಳದ ಹತ್ತಿರ ಕೂರುವ ಮೊದಲು ನೀರಿನ ಅಂಚಿನ ಒಂದು ಕಲ್ಲು ಗುರುತಿಟ್ಟುಕೊಳ್ಳಿ. ಅದು ಮುಳುಗಿದರೆ ಚೀಲ, ಚಪ್ಪಲಿ ನೋಡದೆ ಎದ್ದು ದಡದ ಮೇಲಕ್ಕೆ ಹೋಗಿ. ಹಳ್ಳದ ಗುಂಟ ಕೆಳಕ್ಕೆ ಓಡಬೇಡಿ. ಆಚೆ ದಡದಲ್ಲಿ ಸಿಕ್ಕಿಕೊಂಡರೆ ದಾಟುವ ಧೈರ್ಯ ಬೇಡ, ಅಲ್ಲೇ ಎತ್ತರದಲ್ಲಿ ಕೂತು ನೀರು ಇಳಿಯುವವರೆಗೆ ಕಾಯಬೇಕು. ಗುಡ್ಡದ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ.

ಇದೇ ಗುಡುಗಿನ ಕಾರಣಕ್ಕೆ ಮಧ್ಯಾಹ್ನ ಹನ್ನೆರಡೂವರೆಗೆ ತಂಡ ಎಲ್ಲೇ ಇರಲಿ, ಅಲ್ಲಿಂದ ವಾಪಸ್. ತುದಿ ಕಣ್ಣೆದುರೇ ಕಾಣುತ್ತಿದ್ದರೂ ವಾಪಸ್. ದಾರಿಯ ಗುರುತಾದ ‘ಒಂಟಿಮರ’ ದಾಟಿದ ಮೇಲೆ ಬಹಳಷ್ಟು ದಾರಿ ಬಯಲು ಹುಲ್ಲುಗಾವಲು. ಗುಡ್ಡದ ಏಣಿನ ಮೇಲೆ ನಡೆಯುವ ಮನುಷ್ಯನೇ ಅಲ್ಲಿ ಎತ್ತರದ ವಸ್ತು. ಸಿಡಿಲಿನ ಹೊತ್ತಿನಲ್ಲಿ ಒಂಟಿಮರದ ಬುಡಕ್ಕೆ ಓಡುವುದಂತೂ ಎಲ್ಲಕ್ಕಿಂತ ಕೆಟ್ಟ ಯೋಚನೆ.

ಇನ್ನು ದುಡ್ಡು. ಅಬ್ಬಿ ತೆಗೆದರೆ ಶುಲ್ಕ ಇಳಿಯಬೇಕಲ್ಲ ಎಂಬ ವಾದದಲ್ಲಿ ಒಂದು ತೊಡಕಿದೆ. ಅಬ್ಬಿಗೆಂದು ನಾವು ಬೇರೆ ಖರ್ಚು ಮಾಡುತ್ತಲೇ ಇರಲಿಲ್ಲ. ಅದೇ ಜೀಪು, ಅದೇ ಗೈಡ್. ಹಾಗಾಗಿ ಬಿಟ್ಟದ್ದರಿಂದ ಸಂಘಕ್ಕೆ ಉಳಿತಾಯವೂ ಇಲ್ಲ. ಏರಿದ್ದು ಗೈಡ್ ಕೂಲಿಯ ಪಾಲು ಮಾತ್ರ. ಒಬ್ಬ ಗೈಡ್‌ಗೆ ದಿನಕ್ಕೆ 1,400 ರೂಪಾಯಿ, ಇಬ್ಬರಿಗೆ 2,800. ಇದನ್ನು 16 ಜನ ಹಂಚಿಕೊಂಡಾಗ ತಲೆಗೆ 175, 8 ಜನ ಹಂಚಿಕೊಂಡರೆ 350. ವ್ಯತ್ಯಾಸ 175. ನಾವು ಏರಿಸಿದ್ದು 150. ಉಳಿದ 25 ಸಂಘದ ಮೇಲೆ. ಇದನ್ನು ‘ಸುಲಿಗೆ’ ಎಂದು ಬರೆದವರು ಒಮ್ಮೆ ಕೂಡಿ ಕಳೆದು ನೋಡಲಿ.

ಕೂಲಿ ಕಡಿಮೆ ಮಾಡಿ ಎನ್ನುವವರಿಗೆ ಒಂದು ಮಾತು. ಚಾರಣಕ್ಕೆ ಒಳ್ಳೆಯ ತಿಂಗಳುಗಳೇ ಅಡಿಕೆ ಕೊಯ್ಲಿನ, ಕಾಫಿ ಹಣ್ಣಿನ ತಿಂಗಳುಗಳೂ ಹೌದು. ಮರ ಹತ್ತುವ ಕೊನೆಗಾರ ಮಧ್ಯಾಹ್ನದೊಳಗೆ ನಮ್ಮ ಗೈಡ್‌ನ ದಿನಗೂಲಿ ಮೀರಿಸುತ್ತಾನೆ. ಹಾದಿ ಬಲ್ಲ ಹುಡುಗರನ್ನು ತೋಟದಿಂದ ಬಿಡಿಸಿ ಕರೆತರಬೇಕಾದರೆ ಆ ಕೂಲಿ ಕೊಡಲೇಬೇಕು. ಹಾದಿ ಬಲ್ಲವರು ಯಾಕೆ ಬೇಕೆಂದರೆ, ಮಂಜಿನಲ್ಲಿ ಹುಲ್ಲುಗಾವಲಿನ ಮೇಲೆ ಕಾಟಿ (ಕಾಡುಕೋಣ) ಓಡಾಡಿದ ಜಾಡೂ ಜನ ನಡೆದ ಹಾದಿಯೂ ಒಂದೇ ರೀತಿ ಕಾಣುತ್ತವೆ. 16 ಜನರ ಸಾಲು ಏರಿನಲ್ಲಿ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಮುಂದಿನ ಗೈಡ್‌ಗೆ ಹಿಂದಿನವರು ಕಾಣುವುದಿಲ್ಲ. ನಡುವಿನವರು ಕವಲಿನಲ್ಲಿ ಕಾಟಿಯ ಜಾಡು ಹಿಡಿಯುವುದು ಹೀಗೆ. 8 ಜನರಾದರೆ ಮುಂದಿನವನ ಕೂಗು ಹಿಂದಿನವನಿಗೆ ಕೇಳುತ್ತದೆ. ಒಬ್ಬರ ಕಾಲು ಉಳುಕಿದರೆ ಒಬ್ಬ ಗೈಡ್ ಅವರ ಜೊತೆ ಇಳಿಯುತ್ತಾನೆ, ಉಳಿದವರ ನಡಿಗೆ ಕೆಡುವುದಿಲ್ಲ.

ಬಾಳೆಗಲ್‌ನಿಂದ ಮುಳ್ಳೋಡಿಗೆ ಹೋಗುವ ಜೀಪಿನ ಬಾಡಿಗೆ ನಮ್ಮದಲ್ಲ, ಜೀಪಿನವರದು. ಏರಿಸಿಲ್ಲ, ಇಳಿಸುವುದು ನಮ್ಮ ಕೈಯಲ್ಲೂ ಇಲ್ಲ. ಸುಮಾರು ಆರು ಕಿಲೋಮೀಟರ್‌ಗೆ ಇಷ್ಟೊಂದೇ ಎಂದು ಹೋಗುವಾಗ ಕೇಳಿದವರು ಬರುವಾಗ ಕೇಳಿದ್ದು ಕಡಿಮೆ.

ಅರಣ್ಯ ಇಲಾಖೆಯ ಚಾರಣ ಟಿಕೆಟ್ ಸಿಗದ ಸಿಟ್ಟೂ ನಮ್ಮ ಮೇಲೇ ಬೀಳುತ್ತಿದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು; ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿ. ಆ 300ರಲ್ಲಿ ನಮಗೆಂದು ಎತ್ತಿಟ್ಟ ಟಿಕೆಟ್ ಒಂದೂ ಇಲ್ಲ, ನೀವು ಹೇಗೋ ನಾವೂ ಹಾಗೇ. ಮೊದಲು ಟಿಕೆಟ್ ಮಾಡಿಸಿ, ಆಮೇಲೆ ನಮಗೆ ತಿಳಿಸಿ. ಟಿಕೆಟ್‌ನಲ್ಲಿರುವ ಹೆಸರಿನದೇ ಗುರುತಿನ ಚೀಟಿ ಜೊತೆಗಿರಲಿ. ಗೆಳೆಯ ಬರಲಿಲ್ಲ, ಅವನ ಬದಲು ತಮ್ಮ ಬಂದ ಎಂದರೆ ತಪಾಸಣೆಯಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಇಲಾಖೆ ಹಾದಿ ಮುಚ್ಚಿದರೆ ನಮ್ಮ ಶುಲ್ಕ ಪೂರ್ತಿ ವಾಪಸ್.

ಅಬ್ಬಿಯ ನಡಿಗೆ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತದೆ. ಶಿಖರ ಹತ್ತಲಾಗದ ಅಪ್ಪ ಅಮ್ಮ, ಎಂಟು ಹತ್ತು ವರ್ಷದ ಮಕ್ಕಳು ಆರಾಮಾಗಿ ಬರಬಹುದು. ಗೈಡ್ ತೋರಿಸಿದ ಜಾಗದಲ್ಲಿ, ಮೊಣಕಾಲಿನವರೆಗೆ ನೀರಿಗಿಳಿಯಬಹುದು. ಬೀಳುವ ನೀರಿನ ಅಡಿಗೆ ಯಾರನ್ನೂ ಬಿಡುವುದಿಲ್ಲ, ಎಷ್ಟೇ ಈಜು ಬಲ್ಲವರಾಗಿರಲಿ.

ಇಂಬಳದ (ಜಿಗಣೆಯ) ಬಗ್ಗೆ ಕೇಳದವರೇ ಇಲ್ಲ, ಹಾಗಾಗಿ ಇಲ್ಲೇ ಹೇಳಿಬಿಡುತ್ತೇವೆ. ಅಕ್ಟೋಬರ್‌ನಲ್ಲಿ ಇದ್ದೇ ಇರುತ್ತವೆ, ಹುಲ್ಲುಗಾವಲಿಗಿಂತ ಶೋಲಾದ ಒದ್ದೆ ತರಗೆಲೆಯಲ್ಲಿ ಹೆಚ್ಚು. ಒತ್ತಾದ ನೇಯ್ಗೆಯ, ಮೊಣಕಾಲು ಮುಟ್ಟುವ ಬಟ್ಟೆಯ ಕಾಲುಚೀಲ ಸಂಘದಿಂದ ಕೊಡುತ್ತೇವೆ. ಅದನ್ನು ಪ್ಯಾಂಟಿನ ಮೇಲೆ ಎಳೆದು, ಶೂ ಒಳಗೆ ಸೇರಿಸಿ, ಮೇಲೆ ದಾರ ಬಿಗಿಯಬೇಕು. ಉಪ್ಪು ಸವರಿಕೊಂಡರೆ ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ. ಬೇವಿನೆಣ್ಣೆಗೆ ಹೊಗೆಸೊಪ್ಪಿನ ಪುಡಿ ಕಲಸಿ ಚೀಲದ ಹೊರಗೆ ಹಚ್ಚಿದರೆ ತಡೆಯುತ್ತದೆ. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ, ಲೈಟರ್ ಹಿಡಿಯಬೇಡಿ, ಉಪ್ಪು ಸುರಿಯಬೇಡಿ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿರುವುದನ್ನು ಗಾಯಕ್ಕೇ ಕಕ್ಕಬಹುದು. ಸಣ್ಣಗಿರುವ ತುದಿ ಬಾಯಿಯದು. ಅದರ ಪಕ್ಕದಲ್ಲಿ ಚರ್ಮಕ್ಕೆ ಉಗುರು ಒತ್ತಿ ಅಡ್ಡಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ, ಆಮೇಲೆ ಇನ್ನೊಂದು ತುದಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸವನ್ನು ಅದು ಗಾಯಕ್ಕೆ ಬಿಟ್ಟಿರುತ್ತದೆ, ಅದಕ್ಕೇ ರಕ್ತ ಬೇಗ ನಿಲ್ಲುವುದಿಲ್ಲ. ಹತ್ತಿ ಇಟ್ಟು ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ಗಾಬರಿ ಬೇಡ.

ಡಿಸೆಂಬರ್ ನಂತರ ಇಂಬಳ ಕಡಿಮೆಯಾಗಿ ಉಣುಗಿನ (ಉಣ್ಣೆಯ) ಕಾಲ ಬರುತ್ತದೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಸೊರಬದ ಕ್ಯಾಸನೂರಿನಲ್ಲಿ, ನಮ್ಮ ಮಲೆನಾಡಿನಲ್ಲೇ. ಗುಂಡುಸೂಜಿಯ ತಲೆಯಷ್ಟಿರುವ ಮರಿ ಉಣುಗು ಸಾಕು. ತುಂಬು ತೋಳಿನ ಅಂಗಿ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಹೋದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮುಂದಿನ ಹತ್ತು ದಿನದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಲೇಬೇಕು. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡ್‌ಗೆ ತಿಳಿಸಿ.

ಊಟ ಹಿಂದಿನ ಹಾಗೇ. ಕೆಂಡದ ಮೇಲೆ ಬಾಡಿಸಿದ ಬಾಳೆಎಲೆಯಲ್ಲಿ ಕಟ್ಟಿದ ಪುಳಿಯೋಗರೆ, ಬೆಲ್ಲ, ಬಾಳೆಹಣ್ಣು. ಕಾಯಿ ಚಟ್ನಿ ಯಾಕಿಲ್ಲ ಎಂದು ಕೇಳುತ್ತೀರಿ. ಬೆಳಿಗ್ಗೆ ಐದಕ್ಕೆ ರುಬ್ಬಿದ್ದು ಹನ್ನೊಂದೂವರೆಗೆ ಹಳಸಿರುತ್ತದೆ, ಅದಕ್ಕೆ. ಎಲೆಯನ್ನೂ ಕೆಳಗೆ ತರಬೇಕು. ಎರಡು ಲೀಟರ್ ನೀರು ಹಿಡಿಯುವ ಗಟ್ಟಿ ಬಾಟಲಿ ನಿಮ್ಮದೇ ಇರಲಿ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ.

ಈಗಾಗಲೇ ಜೋಡಿ ಚಾರಣಕ್ಕೆ ದುಡ್ಡು ಕಟ್ಟಿದವರಿಗೆ ಏರಿಕೆ ಅನ್ವಯಿಸುವುದಿಲ್ಲ. ಶಿಖರಕ್ಕೆ ಹಳೆಯ ದರದಲ್ಲೇ ಬರಬಹುದು. ಮರುದಿನ ಉಳಿದುಕೊಳ್ಳುವುದಾದರೆ ಅಬ್ಬಿಯ ನಡಿಗೆಗೆ ನಿಮ್ಮಿಂದ ಏನೂ ತೆಗೆದುಕೊಳ್ಳುವುದಿಲ್ಲ. ಎರಡೂ ಬೇಡವಾದರೆ ನಮ್ಮ ಶುಲ್ಕ ಪೂರ್ತಿ ಹಿಂದಿರುಗಿಸುತ್ತೇವೆ. ಯಾವುದು ಎಂದು ಸೆಪ್ಟೆಂಬರ್ 20ರೊಳಗೆ ತಿಳಿಸಿ. 16 ಜನರ ಆಫೀಸ್ ತಂಡಗಳು ಎರಡು ಭಾಗವಾಗಿ, ಅರ್ಧ ಗಂಟೆ ಹಿಂದೆ ಮುಂದೆ ಹೊರಡುತ್ತವೆ. ತುದಿಯಲ್ಲಿ ಒಟ್ಟಿಗೇ ಊಟ ಮಾಡಬಹುದು.

ಇನ್ನೊಂದು ವಿನಂತಿ. ಹೊಸ ಶೂ ಹಾಕಿಕೊಂಡು ನೇರ ಬರಬೇಡಿ, ಎರಡು ವಾರ ಊರಿನಲ್ಲಿ ನಡೆದು ಪಳಗಿಸಿ. ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿಕೊಳ್ಳಿ. ನಾಲ್ಕು ಗಂಟೆಯ ಇಳಿಜಾರಿನಲ್ಲಿ ಉಗುರು ಶೂವಿನ ಮುಂಭಾಗಕ್ಕೆ ಬಡಿದು ಬಡಿದು ಕಪ್ಪಾಗುತ್ತದೆ, ಹೆಬ್ಬೆರಳಿನದು ಕಿತ್ತು ಹೊಸದು ಬರಲು ಒಂದು ವರ್ಷವೂ ಹಿಡಿಯಬಹುದು.

ಇಂತಿ,
ಚಾರಣ ಮಾರ್ಗದರ್ಶಿಗಳ ಸಹಕಾರ ಸಂಘದ ಪರವಾಗಿ,
ಕಳಸ